ದೇಹದೊಳಗೆ ಪ್ರವೇಶಿಸುವ ವೈದ್ಯಕೀಯ ಸಾಧನಗಳ ವರ್ಗೀಕರಣ: ಅರ್ಜಿದಾರರು ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಚುಚ್ಚುಮದ್ದಿನ ಸೂಜಿ, ಡ್ರಿಪ್ ಹಾಕಲು ಬಳಸುವ ಕ್ಯಾನುಲಾ, ಮೂತ್ರನಾಳಕ್ಕೆ ತೂರಿಸುವ ಕೊಳವೆ, ಕಣ್ಣಿನೊಳಗೆ ಇರಿಸುವ ಮಸೂರ, ಮಂಡಿಯ ಕೃತಕ ಕೀಲು, ಹೃದಯದ ಸ್ಟೆಂಟ್ ಮೊದಲಾದವು ಮಾನವ ದೇಹದೊಳಗೆ ಪೂರ್ಣವಾಗಿ ಅಥವಾ ಭಾಗಶಃ ಪ್ರವೇಶಿಸುವ ವೈದ್ಯಕೀಯ ಸಾಧನಗಳಾಗಿವೆ. ಈ ಪುಟದಲ್ಲಿ ಇಂತಹ ಸಾಧನಗಳನ್ನು "ಪ್ರವೇಶಕ ಸಾಧನಗಳು" ಎಂದು ಕರೆಯಲಾಗಿದೆ.

ಇವುಗಳನ್ನು ತಯಾರಿಸಲು ಅಥವಾ ಆಮದು ಮಾಡಿಕೊಳ್ಳಲು ಅರ್ಜಿ ಸಲ್ಲಿಸುವವರು ಮೊಟ್ಟಮೊದಲು ತಿಳಿದುಕೊಳ್ಳಬೇಕಾದ ಸಂಗತಿಯೆಂದರೆ ತಮ್ಮ ಸಾಧನವು ಯಾವ ವರ್ಗಕ್ಕೆ ಸೇರಿದೆ ಎಂಬುದು. ತಯಾರಿಕಾ ಅರ್ಜಿಯನ್ನು ಯಾವ ಪ್ರಾಧಿಕಾರಕ್ಕೆ ಸಲ್ಲಿಸಬೇಕು, ಯಾವ ನಮೂನೆಯನ್ನು ಬಳಸಬೇಕು, ಎಷ್ಟು ಶುಲ್ಕ ಪಾವತಿಸಬೇಕು, ತಯಾರಿಕಾ ಸ್ಥಳದ ತಪಾಸಣೆಯನ್ನು ಯಾರು ನಡೆಸುತ್ತಾರೆ ಎಂಬ ಎಲ್ಲ ವಿಷಯಗಳೂ ವರ್ಗವನ್ನೇ ಅವಲಂಬಿಸಿವೆ. ವರ್ಗವು ಸಾಧನದ ಗಾತ್ರ, ಬೆಲೆ ಅಥವಾ ತಯಾರಿಕೆಯ ಕ್ಲಿಷ್ಟತೆಯಿಂದ ನಿರ್ಧಾರವಾಗುವುದಿಲ್ಲ. ಸಾಧನವು ದೇಹವನ್ನು ಯಾವ ಮಾರ್ಗವಾಗಿ ಪ್ರವೇಶಿಸುತ್ತದೆ, ಎಷ್ಟು ಕಾಲ ಒಳಗಿರುತ್ತದೆ ಮತ್ತು ಒಳಗೆ ಯಾವ ಅಂಗವನ್ನು ಸ್ಪರ್ಶಿಸುತ್ತದೆ ಎಂಬ ಮೂರು ಅಂಶಗಳೇ ಇಲ್ಲಿ ಮುಖ್ಯವಾದವು.

2. ಕಾನೂನಿನ ಹಿನ್ನೆಲೆ

ಭಾರತದಲ್ಲಿ ವೈದ್ಯಕೀಯ ಸಾಧನಗಳು ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1940ರ ವ್ಯಾಪ್ತಿಗೆ ಒಳಪಟ್ಟಿವೆ. 1989ರಲ್ಲಿ ಒಮ್ಮೆ ಮಾತ್ರ ಬಳಸುವ ಸಿರಿಂಜು, ಸೂಜಿ ಹಾಗೂ ಪರ್ಫ್ಯೂಷನ್ ಸೆಟ್‌ಗಳನ್ನು ಕಾಯ್ದೆಯಡಿ ಅಧಿಸೂಚಿಸಲಾಯಿತು. 2005ರ ಅಕ್ಟೋಬರ್ ತಿಂಗಳಲ್ಲಿ ಇನ್ನೂ ಹತ್ತು ಬಗೆಯ ಸಾಧನಗಳನ್ನು ಸೇರಿಸಲಾಯಿತು. ಅವುಗಳೆಂದರೆ: ಹೃದಯದ ಸ್ಟೆಂಟ್, ಔಷಧಲೇಪಿತ ಸ್ಟೆಂಟ್, ಕ್ಯಾತಿಟರ್, ಕಣ್ಣಿನೊಳಗಿನ ಮಸೂರ, ಐ.ವಿ. ಕ್ಯಾನುಲಾ, ಮೂಳೆ ಸಿಮೆಂಟ್, ಹೃದಯದ ಕವಾಟ, ಸ್ಕ್ಯಾಲ್ಪ್ ವೇನ್ ಸೆಟ್, ಮೂಳೆಯ ಇಂಪ್ಲಾಂಟ್ ಮತ್ತು ದೇಹದೊಳಗಿನ ಕೃತಕ ಅಂಗಭಾಗಗಳು. ಚರ್ಮದ ಆಚೆಗೆ ಸಾಗುವ ವಸ್ತುವಿನಿಂದ ಉಂಟಾಗುವ ಅಪಾಯವನ್ನು ಕಾನೂನು ಮೊದಲಿಗೇ ಗುರುತಿಸಿತ್ತೆಂಬುದು ಈ ಪಟ್ಟಿಗಳಿಂದ ವ್ಯಕ್ತವಾಗುತ್ತದೆ.

ವೈದ್ಯಕೀಯ ಸಾಧನಗಳ ನಿಯಮಗಳು, 2017 ದಿನಾಂಕ 1-1-2018ರಿಂದ ಜಾರಿಗೆ ಬಂದವು. 2020ರ ಫೆಬ್ರವರಿ ತಿಂಗಳ ಅಧಿಸೂಚನೆಯ ಮೂಲಕ ದಿನಾಂಕ 1-4-2020ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಹೀಗೆ ಹೊಸದಾಗಿ ಸೇರ್ಪಡೆಯಾದ ಸಾಧನಗಳ ಪೈಕಿ ಎ ಮತ್ತು ಬಿ ವರ್ಗಗಳಿಗೆ ದಿನಾಂಕ 1-10-2022ರಿಂದಲೂ, ಸಿ ಮತ್ತು ಡಿ ವರ್ಗಗಳಿಗೆ ದಿನಾಂಕ 1-10-2023ರಿಂದಲೂ ಪರವಾನಗಿ ಕಡ್ಡಾಯವಾಗಿದೆ.

3. ನಾಲ್ಕು ವರ್ಗಗಳು

ಅಪಾಯದ ಪ್ರಮಾಣವನ್ನು ಆಧರಿಸಿ ಸಾಧನಗಳನ್ನು ಈ ಕೆಳಕಂಡಂತೆ ವಿಂಗಡಿಸಲಾಗಿದೆ:

ವರ್ಗ ಎ – ಕಡಿಮೆ ಅಪಾಯ
ವರ್ಗ ಬಿ – ಕಡಿಮೆಯಿಂದ ಮಧ್ಯಮ ಅಪಾಯ
ವರ್ಗ ಸಿ – ಮಧ್ಯಮದಿಂದ ಹೆಚ್ಚಿನ ಅಪಾಯ
ವರ್ಗ ಡಿ – ಹೆಚ್ಚಿನ ಅಪಾಯ

ವರ್ಗೀಕರಣದ ಮಾನದಂಡಗಳನ್ನು ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ ನೀಡಲಾಗಿದೆ. ಅನುಸೂಚಿಯ ಮೊದಲನೆಯ ಭಾಗವು ಸಾಮಾನ್ಯ ವೈದ್ಯಕೀಯ ಸಾಧನಗಳಿಗೂ, ಎರಡನೆಯ ಭಾಗವು ರಕ್ತ, ಮೂತ್ರ ಮುಂತಾದ ಮಾದರಿಗಳನ್ನು ದೇಹದ ಹೊರಗೆ ಪರೀಕ್ಷಿಸುವ ರೋಗಪತ್ತೆ ಸಾಧನಗಳಿಗೂ ಅನ್ವಯಿಸುತ್ತದೆ. ಉದಾಹರಣೆಗೆ, ಸಕ್ಕರೆ ಪರೀಕ್ಷೆಗಾಗಿ ಬೆರಳನ್ನು ಚುಚ್ಚುವ ಲ್ಯಾನ್ಸೆಟ್ ಮೊದಲನೆಯ ಭಾಗಕ್ಕೆ ಸೇರುತ್ತದೆ. ರಕ್ತದ ಹನಿಯನ್ನು ಹಾಕುವ ಪರೀಕ್ಷಾ ಪಟ್ಟಿ ಎರಡನೆಯ ಭಾಗಕ್ಕೆ ಸೇರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಮಾರಾಟವಾದರೂ ಇವೆರಡರ ವರ್ಗೀಕರಣ ಬೇರೆ ಬೇರೆಯಾಗಿ ನಡೆಯತಕ್ಕದ್ದು.

4. ವರ್ಗವನ್ನು ನಿರ್ಧರಿಸುವ ಮೂರು ಪ್ರಶ್ನೆಗಳು

(ಅ) ಪ್ರವೇಶ ಮಾರ್ಗ ಯಾವುದು?

ಬಾಯಿ, ಮೂಗು, ಕಿವಿ, ಮೂತ್ರದ್ವಾರ, ಗುದದ್ವಾರ, ಯೋನಿ ಮೊದಲಾದ ಸಹಜ ದ್ವಾರಗಳ ಮೂಲಕ ಪ್ರವೇಶಿಸುವ ಸಾಧನಗಳು ಒಂದು ಗುಂಪು. ಶಸ್ತ್ರಕ್ರಿಯೆಯಿಂದ ಶಾಶ್ವತವಾಗಿ ನಿರ್ಮಿಸಿದ ದ್ವಾರವನ್ನೂ ಇದೇ ಗುಂಪಿನಲ್ಲಿ ಪರಿಗಣಿಸಲಾಗುತ್ತದೆ. ದೇಹದ ಮೇಲ್ಮೈಯನ್ನು ಭೇದಿಸಿ ಒಳಹೋಗುವ ಸಾಧನಗಳು ಎರಡನೆಯ ಗುಂಪು. ಇವುಗಳಿಗೆ ಶಸ್ತ್ರಕ್ರಿಯಾ ಪ್ರವೇಶಕ ಸಾಧನಗಳೆಂದು ಹೆಸರು. ಶಸ್ತ್ರಕ್ರಿಯೆ ಎಂದೊಡನೆ ಆಪರೇಷನ್ ಥಿಯೇಟರ್ ಎಂದು ಭಾವಿಸುವ ಅಗತ್ಯವಿಲ್ಲ. ಚರ್ಮವನ್ನು ಚುಚ್ಚುವ ಸಾಮಾನ್ಯ ಸೂಜಿಯೂ ಈ ಗುಂಪಿಗೇ ಸೇರುತ್ತದೆ.

(ಆ) ಎಷ್ಟು ಕಾಲ ಒಳಗಿರುತ್ತದೆ?

ತಾತ್ಕಾಲಿಕ ಬಳಕೆ – ನಿರಂತರವಾಗಿ 60 ನಿಮಿಷಗಳಿಗಿಂತ ಕಡಿಮೆ
ಅಲ್ಪಾವಧಿ ಬಳಕೆ – 60 ನಿಮಿಷಗಳಿಂದ 30 ದಿನಗಳವರೆಗೆ
ದೀರ್ಘಾವಧಿ ಬಳಕೆ – 30 ದಿನಗಳಿಗಿಂತ ಹೆಚ್ಚು

ಇಲ್ಲಿ ಲೆಕ್ಕಕ್ಕೆ ಬರುವುದು ತಯಾರಕರು ಉದ್ದೇಶಿಸಿದ ಅವಧಿಯೇ ಹೊರತು ಒಬ್ಬ ರೋಗಿಯ ವಿಷಯದಲ್ಲಿ ಆಕಸ್ಮಿಕವಾಗಿ ಉಂಟಾದ ಅವಧಿಯಲ್ಲ.

(ಇ) ಒಳಗೆ ಏನನ್ನು ಸ್ಪರ್ಶಿಸುತ್ತದೆ, ಏನು ಮಾಡುತ್ತದೆ?

ಹೃದಯ ಮತ್ತು ಅದಕ್ಕೆ ಹೊಂದಿಕೊಂಡ ಪ್ರಮುಖ ರಕ್ತನಾಳಗಳನ್ನು ಒಳಗೊಂಡ ಕೇಂದ್ರ ರಕ್ತಪರಿಚಲನಾ ವ್ಯವಸ್ಥೆ ಹಾಗೂ ಮೆದುಳು, ಮೆದುಳುಬಳ್ಳಿಗಳನ್ನು ಒಳಗೊಂಡ ಕೇಂದ್ರ ನರಮಂಡಲ ಇವೆರಡಕ್ಕೂ ವಿಶೇಷ ಮಹತ್ವ ನೀಡಲಾಗಿದೆ. ಅಂತೆಯೇ, ಸಾಧನವು ದೇಹದಲ್ಲಿ ಕರಗುತ್ತದೆಯೇ, ರಾಸಾಯನಿಕ ಬದಲಾವಣೆ ಹೊಂದುತ್ತದೆಯೇ, ಔಷಧವನ್ನು ಬಿಡುಗಡೆ ಮಾಡುತ್ತದೆಯೇ, ವಿಕಿರಣವನ್ನು ಹೊರಸೂಸುತ್ತದೆಯೇ ಎಂಬುದನ್ನೂ ಪರಿಶೀಲಿಸಲಾಗುತ್ತದೆ.

5. ಸಹಜ ದ್ವಾರಗಳ ಮೂಲಕ ಪ್ರವೇಶಿಸುವ ಸಾಧನಗಳು

ವಿದ್ಯುತ್ತಿನಂತಹ ಬಾಹ್ಯ ಶಕ್ತಿಯಿಂದ ನಡೆಯುವ ಯಂತ್ರಕ್ಕೆ ಜೋಡಿಸದೆ ಬಳಸುವ ಸಾಧನಗಳಿಗೆ ಈ ಕೆಳಕಂಡ ಮಾನದಂಡಗಳು ಅನ್ವಯಿಸುತ್ತವೆ:

(1) ತಾತ್ಕಾಲಿಕ ಬಳಕೆಯ ಸಾಧನಗಳು ಸಾಮಾನ್ಯವಾಗಿ ಎ ವರ್ಗಕ್ಕೆ ಸೇರುತ್ತವೆ. ವೈದ್ಯರು ತಪಾಸಣೆಗೆ ಬಳಸುವ ಕೈಗವಸು ಇದಕ್ಕೆ ಉದಾಹರಣೆ.

(2) ಅಲ್ಪಾವಧಿ ಬಳಕೆಯ ಸಾಧನಗಳು ಬಿ ವರ್ಗಕ್ಕೆ ಸೇರುತ್ತವೆ. ಕೆಲವು ದಿನಗಳ ಕಾಲ ಮೂತ್ರಕೋಶದಲ್ಲಿ ಉಳಿಯುವ ಕೊಳವೆ ಇದಕ್ಕೆ ಉದಾಹರಣೆ. ಆದರೆ ಸಾಧನದ ಬಳಕೆಯು ಗಂಟಲಿನವರೆಗಿನ ಬಾಯಿಯ ಭಾಗ, ತಮಟೆಯವರೆಗಿನ ಕಿವಿಯ ನಾಳ ಅಥವಾ ಮೂಗಿನ ಕುಹರಕ್ಕೆ ಸೀಮಿತವಾಗಿದ್ದಲ್ಲಿ ಎ ವರ್ಗ ಅನ್ವಯಿಸುತ್ತದೆ.

(3) ದೀರ್ಘಾವಧಿ ಬಳಕೆಯ ಸಾಧನಗಳು ಸಿ ವರ್ಗಕ್ಕೆ ಸೇರುತ್ತವೆ. ಮೂತ್ರನಾಳದ ಸ್ಟೆಂಟ್ ಇದಕ್ಕೆ ಉದಾಹರಣೆ. ಮೇಲ್ಕಂಡ ಬಾಯಿ, ಕಿವಿ, ಮೂಗಿನ ಭಾಗಗಳಲ್ಲಿ ಮಾತ್ರ ಬಳಸುವ ಮತ್ತು ಲೋಳೆಪೊರೆಯು ಹೀರಿಕೊಳ್ಳದ ಸಾಧನಗಳು ಬಿ ವರ್ಗಕ್ಕೆ ಸೇರುತ್ತವೆ.

(4) ಬಿ ಅಥವಾ ಅದಕ್ಕಿಂತ ಮೇಲಿನ ವರ್ಗದ ಯಂತ್ರಕ್ಕೆ ಜೋಡಿಸಿ ಬಳಸುವ ಪ್ರವೇಶಕ ಸಾಧನಗಳು ಬಿ ವರ್ಗಕ್ಕೆ ಸೇರುತ್ತವೆ. ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸುವ ಶ್ವಾಸನಾಳದ ಕೊಳವೆ ಇದಕ್ಕೆ ಉದಾಹರಣೆ.

6. ಶಸ್ತ್ರಕ್ರಿಯಾ ಪ್ರವೇಶಕ ಸಾಧನಗಳು

(1) ತಾತ್ಕಾಲಿಕ ಬಳಕೆ: ಸಾಮಾನ್ಯವಾಗಿ ಬಿ ವರ್ಗ. ಚುಚ್ಚುಮದ್ದಿನ ಸೂಜಿ, ಹೊಲಿಗೆ ಸೂಜಿ, ಒಮ್ಮೆ ಮಾತ್ರ ಬಳಸುವ ಶಸ್ತ್ರಕ್ರಿಯಾ ಚಾಕು ಇದಕ್ಕೆ ಉದಾಹರಣೆಗಳು. ಸಂಸ್ಕರಿಸಿ ಮತ್ತೆ ಮತ್ತೆ ಬಳಸಬಹುದಾದ ಶಸ್ತ್ರಕ್ರಿಯಾ ಉಪಕರಣಗಳು ಎ ವರ್ಗಕ್ಕೆ ಸೇರುತ್ತವೆ. ಅಯಾನೀಕರಿಸುವ ವಿಕಿರಣವನ್ನು ನೀಡುವ, ಜೈವಿಕ ಪರಿಣಾಮ ಬೀರುವ, ದೇಹದಲ್ಲಿ ಬಹುಪಾಲು ಹೀರಲ್ಪಡುವ ಅಥವಾ ಅಪಾಯಕರವಾಗಬಹುದಾದ ರೀತಿಯಲ್ಲಿ ಔಷಧವನ್ನು ಪೂರೈಸುವ ಸಾಧನಗಳು ಸಿ ವರ್ಗಕ್ಕೆ ಸೇರುತ್ತವೆ. ಕೇಂದ್ರ ನರಮಂಡಲದೊಂದಿಗೆ ನೇರ ಸಂಪರ್ಕಕ್ಕೆಂದೇ ಉದ್ದೇಶಿಸಿದ ಸಾಧನಗಳು, ಹಾಗೂ ಹೃದಯ ಅಥವಾ ಕೇಂದ್ರ ರಕ್ತಪರಿಚಲನಾ ವ್ಯವಸ್ಥೆಯ ದೋಷವನ್ನು ನೇರ ಸಂಪರ್ಕದಿಂದ ಪತ್ತೆಹಚ್ಚುವ, ಗಮನಿಸುವ ಅಥವಾ ಸರಿಪಡಿಸುವ ಸಾಧನಗಳು ಡಿ ವರ್ಗಕ್ಕೆ ಸೇರುತ್ತವೆ.

(2) ಅಲ್ಪಾವಧಿ ಬಳಕೆ: ಸಾಮಾನ್ಯವಾಗಿ ಬಿ ವರ್ಗ. ಕೈಯ ರಕ್ತನಾಳಕ್ಕೆ ಹಾಕುವ ಐ.ವಿ. ಕ್ಯಾನುಲಾ ಇದಕ್ಕೆ ಉದಾಹರಣೆ. ಔಷಧ ಪೂರೈಕೆಗೆ ಉದ್ದೇಶಿಸಿದ, ದೇಹದಲ್ಲಿ ರಾಸಾಯನಿಕ ಬದಲಾವಣೆ ಹೊಂದುವ ಅಥವಾ ವಿಕಿರಣ ನೀಡುವ ಸಾಧನಗಳಿಗೆ ಸಿ ವರ್ಗದ ಮಾನದಂಡಗಳಿವೆ. ಜೈವಿಕ ಪರಿಣಾಮ ಬೀರುವ ಅಥವಾ ಹೀರಲ್ಪಡುವ ಸಾಧನಗಳು, ತಾತ್ಕಾಲಿಕ ಬಳಕೆಯಲ್ಲಿ ಸಿ ವರ್ಗದಲ್ಲಿದ್ದರೆ, ಇಲ್ಲಿ ಡಿ ವರ್ಗಕ್ಕೆ ಏರುತ್ತವೆ. ಕೇಂದ್ರ ನರಮಂಡಲ ಮತ್ತು ಹೃದಯಕ್ಕೆ ಸಂಬಂಧಿಸಿದ ಮೇಲ್ಕಂಡ ಸಾಧನಗಳು ಇಲ್ಲಿಯೂ ಡಿ ವರ್ಗದಲ್ಲಿಯೇ ಇರುತ್ತವೆ.

(3) ದೀರ್ಘಾವಧಿ ಬಳಕೆ ಮತ್ತು ಇಂಪ್ಲಾಂಟ್‌ಗಳು: ಸಾಮಾನ್ಯವಾಗಿ ಸಿ ವರ್ಗ. ಮಂಡಿ ಮತ್ತು ಸೊಂಟದ ಕೃತಕ ಕೀಲು, ಮೂಳೆ ಸಿಮೆಂಟ್, ಕಣ್ಣಿನೊಳಗಿನ ಮಸೂರ ಇದಕ್ಕೆ ಉದಾಹರಣೆಗಳು. ಹಲ್ಲಿನಲ್ಲಿ ಇರಿಸುವ ತುಂಬುವಸ್ತು ಮುಂತಾದವು ಬಿ ವರ್ಗಕ್ಕೆ ಇಳಿಯುತ್ತವೆ. ಹೃದಯ, ಕೇಂದ್ರ ರಕ್ತಪರಿಚಲನಾ ವ್ಯವಸ್ಥೆ ಅಥವಾ ಕೇಂದ್ರ ನರಮಂಡಲವನ್ನು ನೇರವಾಗಿ ಸ್ಪರ್ಶಿಸುವ, ಜೀವವನ್ನು ಉಳಿಸಿಕೊಡುವ, ಪೇಸ್‌ಮೇಕರ್‌ನಂತೆ ಶಕ್ತಿಮೂಲದಿಂದ ಕೆಲಸ ಮಾಡುವ, ದೇಹದಲ್ಲಿ ಹೀರಲ್ಪಡುವ ಅಥವಾ ಔಷಧವನ್ನು ಪೂರೈಸುವ ಇಂಪ್ಲಾಂಟ್‌ಗಳು ಡಿ ವರ್ಗಕ್ಕೆ ಸೇರುತ್ತವೆ. ಸ್ಟೆಂಟ್ ಮತ್ತು ಹೃದಯದ ಕವಾಟ ಈ ವರ್ಗದವು.

7. ಗಮನದಲ್ಲಿಡಬೇಕಾದ ಸಾಮಾನ್ಯ ತತ್ವಗಳು

(1) ವರ್ಗೀಕರಣಕ್ಕೆ ಸಾಧನದ ಉದ್ದೇಶಿತ ಬಳಕೆಯೇ ಆಧಾರ. ಲೇಬಲ್, ಬಳಕೆಯ ಸೂಚನೆ ಮತ್ತು ಪ್ರಚಾರ ಸಾಮಗ್ರಿಯಲ್ಲಿ ತಯಾರಕರು ಹೇಳುವ ಮಾತುಗಳಿಂದ ಈ ಉದ್ದೇಶವು ವ್ಯಕ್ತವಾಗುತ್ತದೆ.

(2) ಒಂದೇ ಸಾಧನಕ್ಕೆ ಹಲವು ಬಳಕೆಗಳಿದ್ದಲ್ಲಿ, ಅವುಗಳ ಪೈಕಿ ಅತ್ಯಂತ ಗಂಭೀರವಾದ ಬಳಕೆಯನ್ನು ಪರಿಗಣಿಸತಕ್ಕದ್ದು.

(3) ಒಂದಕ್ಕಿಂತ ಹೆಚ್ಚು ಮಾನದಂಡಗಳು ಅನ್ವಯಿಸಿದಲ್ಲಿ, ಮೇಲಿನ ವರ್ಗವನ್ನು ಸೂಚಿಸುವ ಮಾನದಂಡವೇ ಅಂತಿಮ.

(4) ಜೊತೆಯಾಗಿ ಬಳಸುವ ಸಾಧನಗಳನ್ನೂ ಪರಿಕರಗಳನ್ನೂ ಪ್ರತ್ಯೇಕವಾಗಿ ವರ್ಗೀಕರಿಸತಕ್ಕದ್ದು. ಸಾಧನವನ್ನು ನಡೆಸುವ ತಂತ್ರಾಂಶವು ಆ ಸಾಧನದ ವರ್ಗಕ್ಕೇ ಸೇರುತ್ತದೆ.

(5) ಔಷಧವನ್ನು ಅವಿಭಾಜ್ಯ ಅಂಗವಾಗಿ ಒಳಗೊಂಡ ಸಾಧನಗಳಿಗೆ ಪ್ರತ್ಯೇಕ ಮಾನದಂಡವಿದ್ದು, ಅವು ಡಿ ವರ್ಗಕ್ಕೆ ಸೇರುತ್ತವೆ. ಔಷಧಲೇಪಿತ ಸ್ಟೆಂಟ್ ಇದಕ್ಕೆ ಉದಾಹರಣೆ.

8. ನಿದರ್ಶನ: ಮೂರು ಕೊಳವೆಗಳು

ಒಂದೇ ಬಗೆಯ ವಸ್ತುವಿನಿಂದ ತಯಾರಾದ, ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲದ ಮೂರು ತೆಳು ಕೊಳವೆಗಳನ್ನು ಪರಿಗಣಿಸಬಹುದು. ಮೊದಲನೆಯದು ಮೂತ್ರದ್ವಾರದ ಮೂಲಕ ಸಾಗಿ ಒಂದು ವಾರ ಮೂತ್ರಕೋಶದಲ್ಲಿರುತ್ತದೆ. ಪ್ರವೇಶ ಸಹಜ ದ್ವಾರದಿಂದ, ಅವಧಿ ಅಲ್ಪ. ಆದ್ದರಿಂದ ಬಿ ವರ್ಗ. ಎರಡನೆಯದು ಚರ್ಮವನ್ನು ಭೇದಿಸಿ ಕೈಯ ರಕ್ತನಾಳದಲ್ಲಿ ಎರಡು ದಿನ ಇರುತ್ತದೆ. ಮಾರ್ಗ ಬೇರೆಯಾದರೂ ಅವಧಿ ಅಲ್ಪ, ಸ್ಪರ್ಶಿಸುವ ಭಾಗವು ಕೇಂದ್ರ ರಕ್ತಪರಿಚಲನಾ ವ್ಯವಸ್ಥೆಗೆ ಸೇರಿದ್ದಲ್ಲ; ಇದೂ ಬಿ ವರ್ಗ. ಮೂರನೆಯದನ್ನು ಮೆದುಳಿನಲ್ಲಿ ಸಂಗ್ರಹವಾದ ದ್ರವವನ್ನು ಹೊರತೆಗೆಯಲು ಎರಡು ದಿನ ಇರಿಸಲಾಗುತ್ತದೆ. ಅವಧಿ ಎರಡನೆಯದರಷ್ಟೇ ಇದ್ದರೂ ಕೇಂದ್ರ ನರಮಂಡಲದೊಂದಿಗೆ ನೇರ ಸಂಪರ್ಕವಿರುವುದರಿಂದ ಇದು ಡಿ ವರ್ಗ.

ಬಿ ವರ್ಗದ ಕೊಳವೆಯ ತಯಾರಕರು, ಮಾರುಕಟ್ಟೆ ವಿಸ್ತರಿಸುವ ಉದ್ದೇಶದಿಂದ, "ಹೃದಯದೊಳಗಿನ ಒತ್ತಡ ಅಳೆಯಲೂ ಬಳಸಬಹುದು" ಎಂಬ ಒಂದು ಸಾಲನ್ನು ಲೇಬಲ್‌ಗೆ ಸೇರಿಸಿದರೆ, ಆ ಸಾಧನವು ಡಿ ವರ್ಗಕ್ಕೆ ಸೇರುತ್ತದೆ. ಅವರಲ್ಲಿರುವ ಬಿ ವರ್ಗದ ಪರವಾನಗಿಯು ಅಂತಹ ಸಾಧನವನ್ನು ಒಳಗೊಳ್ಳುವುದಿಲ್ಲ. ಕೊಳವೆ ಬದಲಾಗದಿದ್ದರೂ ರೋಗಿಗೆ ಒದಗುವ ಅಪಾಯ ಬದಲಾಗಿದೆ ಎಂಬುದೇ ಇದಕ್ಕೆ ಕಾರಣ.

9. ವರ್ಗಕ್ಕೆ ಅನುಗುಣವಾಗಿ ಅರ್ಜಿ ಸಲ್ಲಿಸುವ ವಿಧಾನ

ಎಲ್ಲ ಅರ್ಜಿಗಳನ್ನೂ ಕೇಂದ್ರ ಆರೋಗ್ಯ ಸಚಿವಾಲಯವು ಗೊತ್ತುಪಡಿಸಿದ ಆನ್‌ಲೈನ್ ವ್ಯವಸ್ಥೆಯ ಮೂಲಕ ಸಲ್ಲಿಸತಕ್ಕದ್ದು.

(1) ಎ ಮತ್ತು ಬಿ ವರ್ಗದ ಸಾಧನಗಳ ತಯಾರಿಕೆ: ರಾಜ್ಯ ಪರವಾನಗಿ ಪ್ರಾಧಿಕಾರಕ್ಕೆ ನಮೂನೆ ಎಂಡಿ-3ರಲ್ಲಿ ಅರ್ಜಿ ಸಲ್ಲಿಸಬೇಕು. ಪರವಾನಗಿಯನ್ನು ನಮೂನೆ ಎಂಡಿ-5ರಲ್ಲಿ ನೀಡಲಾಗುತ್ತದೆ. ಎ ವರ್ಗಕ್ಕೆ ಪೂರ್ವ ತಪಾಸಣೆಯಿಲ್ಲದೆ ಪರವಾನಗಿ ನೀಡಿ, 120 ದಿನಗಳೊಳಗೆ ತಯಾರಿಕಾ ಸ್ಥಳದ ಪರಿಶೋಧನೆ ನಡೆಸಲಾಗುತ್ತದೆ. ಬಿ ವರ್ಗಕ್ಕೆ ಪರವಾನಗಿಗೆ ಮೊದಲೇ ಪರಿಶೋಧನೆ ನಡೆಯುತ್ತದೆ. ಇದನ್ನು ನೋಂದಾಯಿತ ಅಧಿಸೂಚಿತ ಸಂಸ್ಥೆ ನಡೆಸುತ್ತದೆ.

(2) ಕ್ರಿಮಿಶುದ್ಧೀಕರಿಸದ ಹಾಗೂ ಅಳತೆಯ ಕಾರ್ಯವಿಲ್ಲದ ಎ ವರ್ಗದ ಸಾಧನಗಳು: 2022ರ ಅಕ್ಟೋಬರ್ ತಿಂಗಳ ಅಧಿಸೂಚನೆಯಂತೆ ಇವುಗಳಿಗೆ ಷರತ್ತುಗಳಿಗೊಳಪಟ್ಟು ಪರವಾನಗಿಯಿಂದ ವಿನಾಯಿತಿ ಇದ್ದು, ಆನ್‌ಲೈನ್ ನೋಂದಣಿ ಅಗತ್ಯ.

(3) ಸಿ ಮತ್ತು ಡಿ ವರ್ಗದ ಸಾಧನಗಳ ತಯಾರಿಕೆ: ಕೇಂದ್ರ ಪರವಾನಗಿ ಪ್ರಾಧಿಕಾರಕ್ಕೆ ನಮೂನೆ ಎಂಡಿ-7ರಲ್ಲಿ ಅರ್ಜಿ ಸಲ್ಲಿಸಬೇಕು. ಪರವಾನಗಿಯನ್ನು ನಮೂನೆ ಎಂಡಿ-9ರಲ್ಲಿ ನೀಡಲಾಗುತ್ತದೆ. ತಯಾರಿಕಾ ಸ್ಥಳವನ್ನು ಪ್ರಾಧಿಕಾರದ ಅಧಿಕಾರಿಗಳ ತಂಡವು ಪರಿವೀಕ್ಷಿಸುತ್ತದೆ.

(4) ಆಮದು: ವರ್ಗ ಯಾವುದೇ ಇದ್ದರೂ ಆಮದು ಪರವಾನಗಿಯು ಕೇಂದ್ರ ಪರವಾನಗಿ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ. ಅರ್ಜಿ ನಮೂನೆ ಎಂಡಿ-14, ಪರವಾನಗಿ ನಮೂನೆ ಎಂಡಿ-15.

(5) ಮಾರಾಟ: ಔಷಧ ಮಾರಾಟ ಪರವಾನಗಿ ಇಲ್ಲದವರು ರಾಜ್ಯ ಪರವಾನಗಿ ಪ್ರಾಧಿಕಾರಕ್ಕೆ ನಮೂನೆ ಎಂಡಿ-41ರಲ್ಲಿ ಅರ್ಜಿ ಸಲ್ಲಿಸಿ, ನಮೂನೆ ಎಂಡಿ-42ರಲ್ಲಿ ನೋಂದಣಿ ಪತ್ರ ಪಡೆಯಬೇಕು.

(6) ದೇಶದಲ್ಲಿ ಈ ಹಿಂದೆ ಅನುಮೋದನೆ ಪಡೆದ ಸಮಾನ ಸಾಧನವಿಲ್ಲದ ಹೊಸ ಸಾಧನ: ಪರವಾನಗಿಗೆ ಮೊದಲು ಕೇಂದ್ರ ಪ್ರಾಧಿಕಾರದ ಅನುಮತಿ ಪಡೆಯುವುದು ಅಗತ್ಯ. ಇದಕ್ಕೆ ಅರ್ಜಿ ನಮೂನೆ ಎಂಡಿ-26, ಅನುಮತಿ ನಮೂನೆ ಎಂಡಿ-27.

ತಯಾರಿಕಾ ಮತ್ತು ಆಮದು ಪರವಾನಗಿಗಳು, ಪ್ರತಿ ಐದು ವರ್ಷಕ್ಕೊಮ್ಮೆ ಉಳಿಕೆ ಶುಲ್ಕವನ್ನು ಪಾವತಿಸುವ ಷರತ್ತಿಗೊಳಪಟ್ಟು, ಅಮಾನತು ಅಥವಾ ರದ್ದಾಗದ ಹೊರತು ಚಾಲ್ತಿಯಲ್ಲಿರುತ್ತವೆ. ಶುಲ್ಕದ ವಿವರಗಳು ನಿಯಮಗಳ ಎರಡನೆಯ ಅನುಸೂಚಿಯಲ್ಲಿವೆ.

10. ಅರ್ಜಿದಾರರು ತಪ್ಪಿಸಬೇಕಾದ ದೋಷಗಳು

(1) ಸಾಧನದ ಹೆಸರನ್ನು ಮಾತ್ರ ನೋಡಿ ವರ್ಗ ನಮೂದಿಸುವುದು. "ಕ್ಯಾತಿಟರ್" ಎಂಬ ಒಂದೇ ಹೆಸರಿನಡಿ ಬಿ ವರ್ಗದಿಂದ ಡಿ ವರ್ಗದವರೆಗಿನ ಸಾಧನಗಳಿವೆ.

(2) ಉದ್ದೇಶಿತ ಬಳಕೆಯ ಹೇಳಿಕೆಯಲ್ಲಿ ಪ್ರವೇಶ ಮಾರ್ಗ, ಅವಧಿ ಹಾಗೂ ಬಳಸುವ ಅಂಗವನ್ನು ಸ್ಪಷ್ಟವಾಗಿ ನಮೂದಿಸದಿರುವುದು. "ಆಸ್ಪತ್ರೆ ಬಳಕೆಗೆ" ಎಂಬಂತಹ ಹೇಳಿಕೆಯಿಂದ ವರ್ಗವನ್ನು ನಿರ್ಧರಿಸಲಾಗದು.

(3) ಅರ್ಜಿಯಲ್ಲಿ ಒಂದು ಬಳಕೆಯನ್ನೂ ಲೇಬಲ್‌ನಲ್ಲಿ ಅದಕ್ಕಿಂತ ವಿಶಾಲವಾದ ಬಳಕೆಯನ್ನೂ ನಮೂದಿಸುವುದು.

(4) ಕಿಟ್‌ನಲ್ಲಿರುವ ಪ್ರತಿಯೊಂದು ಸಾಧನದ ವರ್ಗವನ್ನು ಪ್ರತ್ಯೇಕವಾಗಿ ಪರಿಶೀಲಿಸದಿರುವುದು.

(5) ವಿದೇಶದಲ್ಲಿ ದೊರೆತ ವರ್ಗವನ್ನೇ ಇಲ್ಲಿಯೂ ನಮೂದಿಸುವುದು. ಇತರ ದೇಶಗಳ ವರ್ಗಗಳು ಇಲ್ಲಿನ ವರ್ಗಗಳಿಗೆ ಎಲ್ಲ ಸಂದರ್ಭಗಳಲ್ಲೂ ಸಮನಾಗಿರುವುದಿಲ್ಲ.

ಕೇಂದ್ರ ಪರವಾನಗಿ ಪ್ರಾಧಿಕಾರವು ಸಾಧನಗಳ ವರ್ಗವಾರು ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿದ್ದು, ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಅರ್ಜಿದಾರರು ಮಾನದಂಡಗಳ ಪ್ರಕಾರ ವರ್ಗವನ್ನು ಅಂದಾಜು ಮಾಡಿದ ನಂತರ ಆ ಪಟ್ಟಿಯನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. ಇವೆರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಪಟ್ಟಿಯಲ್ಲಿ ನಮೂದಾದ ವರ್ಗದಂತೆ ಮುಂದುವರಿಯತಕ್ಕದ್ದು. ಅಗತ್ಯ ಪರವಾನಗಿಯಿಲ್ಲದೆ ತಯಾರಿಸುವುದು ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

11. ರೋಗಿಗಳು ಮತ್ತು ಕುಟುಂಬದವರ ಗಮನಕ್ಕೆ

ಸಾಧನವು ಚರ್ಮದ ಮೇಲಿದ್ದರೆ ತೊಂದರೆ ಕಂಡೊಡನೆ ತೆಗೆಯಬಹುದು. ದೇಹದೊಳಗೆ ಅಳವಡಿಸಿದ ಸಾಧನವನ್ನು ಹೊರತೆಗೆಯಲು ಮತ್ತೊಂದು ಶಸ್ತ್ರಕ್ರಿಯೆಯೇ ಬೇಕಾಗಬಹುದು. ದೀರ್ಘಾವಧಿ ಸಾಧನಗಳನ್ನು ಮೇಲಿನ ವರ್ಗಗಳಲ್ಲಿ ಇರಿಸಿರುವುದು ಈ ಕಾರಣದಿಂದಲೇ.

2010ರ ಆಗಸ್ಟ್ ತಿಂಗಳಲ್ಲಿ, ಲೋಹದ ಮೇಲೆ ಲೋಹ ಉಜ್ಜುವ ರಚನೆಯ ಒಂದು ಬಗೆಯ ಸೊಂಟದ ಕೃತಕ ಕೀಲನ್ನು ಅದರ ತಯಾರಕರು ಜಗತ್ತಿನಾದ್ಯಂತ ಹಿಂಪಡೆದರು. ಅದನ್ನು ಅಳವಡಿಸಿಕೊಂಡಿದ್ದ ಭಾರತೀಯ ರೋಗಿಗಳ ಪೈಕಿ ಅನೇಕರನ್ನು ಆ ಬಳಿಕ ಪತ್ತೆಹಚ್ಚಲು ಸಾಧ್ಯವಾಗಲಿಲ್ಲ. ತಮ್ಮ ದೇಹದಲ್ಲಿ ಯಾವ ಸಾಧನವಿದೆ ಎಂಬ ದಾಖಲೆ ರೋಗಿಯ ಬಳಿಯೇ ಇರುವುದು ಎಷ್ಟು ಅಗತ್ಯವೆಂಬುದಕ್ಕೆ ಇದು ನಿದರ್ಶನ. ಆದ್ದರಿಂದ ಇಂಪ್ಲಾಂಟ್ ಅಳವಡಿಸಿಕೊಂಡವರು:

(1) ಸಾಧನದ ಹೆಸರು, ತಯಾರಕರ ಹೆಸರು, ಬ್ಯಾಚ್ ಅಥವಾ ಸರಣಿ ಸಂಖ್ಯೆಯಿರುವ ಸ್ಟಿಕ್ಕರ್ ಅಥವಾ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಬಿಡುಗಡೆ ಪತ್ರದೊಂದಿಗೆ ಸುರಕ್ಷಿತವಾಗಿ ಇಟ್ಟುಕೊಳ್ಳುವುದು.

(2) ವಿಳಾಸ ಅಥವಾ ದೂರವಾಣಿ ಸಂಖ್ಯೆ ಬದಲಾದಲ್ಲಿ ಆಸ್ಪತ್ರೆಗೆ ತಿಳಿಸುವುದು.

(3) ನೋವು, ಊತ, ಸೋಂಕು ಅಥವಾ ಸಾಧನದ ವೈಫಲ್ಯ ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣುವುದು.

ಸಾಧನಗಳಿಂದ ಉಂಟಾದ ಪ್ರತಿಕೂಲ ಘಟನೆಗಳನ್ನು 2015ರ ಜುಲೈ ತಿಂಗಳಲ್ಲಿ ಆರಂಭವಾದ ಭಾರತೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. ಇದರ ಸಮನ್ವಯವನ್ನು ಗಾಜಿಯಾಬಾದ್‌ನಲ್ಲಿರುವ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಿರ್ವಹಿಸುತ್ತದೆ. ವೈದ್ಯರು, ದಾದಿಯರು ಮಾತ್ರವಲ್ಲದೆ ರೋಗಿಗಳೂ ವರದಿ ಸಲ್ಲಿಸಬಹುದು. ಶಂಕಿತ, ಅನಿರೀಕ್ಷಿತ ಗಂಭೀರ ಘಟನೆ ತಮ್ಮ ಗಮನಕ್ಕೆ ಬಂದ 15 ದಿನಗಳೊಳಗೆ ಪರವಾನಗಿ ಪ್ರಾಧಿಕಾರಕ್ಕೆ ತಿಳಿಸುವುದು ಪರವಾನಗಿದಾರರ ಹೊಣೆಯಾಗಿರುತ್ತದೆ.

12. ಸೂಚನೆ

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಸಂಕ್ಷಿಪ್ತವಾಗಿ ನೀಡಲಾಗಿದೆ. ಯಾವುದೇ ಸಂದೇಹ ಉಂಟಾದಲ್ಲಿ ಭಾರತದ ರಾಜಪತ್ರದಲ್ಲಿ ಪ್ರಕಟವಾದ ನಿಯಮಗಳು ಹಾಗೂ ಅವುಗಳ ತಿದ್ದುಪಡಿಗಳೇ ಅಂತಿಮ. ಅರ್ಜಿ ಸಲ್ಲಿಸುವ ಮುನ್ನ ಪ್ರವೇಶ ಮಾರ್ಗ, ಅವಧಿ ಮತ್ತು ಸ್ಪರ್ಶಿಸುವ ಅಂಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಲಿಖಿತವಾಗಿ ಸಿದ್ಧಪಡಿಸಿಕೊಂಡಲ್ಲಿ, ಅರ್ಜಿ ಹಿಂದಿರುಗುವ ಸಂದರ್ಭಗಳು ಕಡಿಮೆಯಾಗಿ ಪರಿಶೀಲನೆ ಸುಗಮವಾಗುತ್ತದೆ.